ತೌಡಿಗೆ ಕೊಂಡ ಹೆಸರು

ಹೆಂಡತಿ ನೀಲವ್ವನ ಫೋಟೊ ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕೆಂದು ಹೋದ ವಾರ ರಾಯಚೂರಿಗೆ ಹೋಗಿದ್ದೆ. ಮೊಮ್ಮಗ ನಾನು ಹೋಗಿ ಬರ್ತೀನಿ ಅಂದ. ಬೇಡ ಅಂದೆ. ಅವಳು ಹೋದಮೇಲೆ ಮನೆಯಲ್ಲಿ ನನಗೆ ಯಾವ ಕೆಲಸವನ್ನೂ ಬಿಡುತ್ತಿಲ್ಲ. ಇದೊಂದನ್ನಾದರೂ ನಾನೇ ಮಾಡೋಣ ಅನಿಸಿತ್ತು.

ಕಟ್ಟು ಹಾಕುವವನ ಅಂಗಡಿ ಒಂದು ಅಕ್ಕಿ ಗಿರಣಿಯ ಮಗ್ಗುಲಲ್ಲಿದೆ. ಅವನು ಗಾಜು ಕತ್ತರಿಸಿ, ಚಿತ್ರ ಕೂರಿಸಿ, ಸಣ್ಣ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ ಕೇಳಿದ: "ಕೆಳಗ ಏನಂತ ಬರೀಲ್ರಿ ಯಜಮಾನ್ರ? ಬರೇ ನೀಲಮ್ಮ ಅಂತ ಬರದು ಬಿಡ್ಲೇನು?"

ನಾನು ಬಾಯಿ ತೆಗೆಯುವಷ್ಟರಲ್ಲಿ ಗಿರಣಿಯ ಹಿಂಬದಿಯ ಕಿಂಡಿಯಿಂದ ಹೊಸ ತೌಡು ಸುರಿಯಿತು. ಬಿಸಿ ತೌಡಿಗೆ ಒಂದು ವಾಸನೆ ಇರುತ್ತದೆ, ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆ. ಆ ವಾಸನೆ ಮೂಗಿಗೆ ಹತ್ತಿದ್ದೇ "ಒಂದೀಟು ತಡೀರಿ" ಎಂದು ಅವನ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅವನು ಪಾಪ, ಮುದುಕನಿಗೆ ಬಿಸಿಲು ಹತ್ತಿರಬೇಕೆಂದು ನೀರು ತಂದುಕೊಟ್ಟ.

ನನ್ನ ಹೆಸರು ತೌಡಪ್ಪ. ಹುಟ್ಟಿದ್ದು ದೇವದುರ್ಗದಲ್ಲಿ. ನನಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲ. ನಾಲ್ಕನೆಯವನಾಗಿ ನಾನು ಬಂದಾಗ ಅವ್ವ ನನ್ನ ಮುಖ ನೋಡುವುದಕ್ಕೂ ಹೆದರಿದ್ದಳಂತೆ. ಅಂಥ ಕೂಸುಗಳನ್ನು ಮಾರಿಬಿಡುವ ಪದ್ಧತಿ ನಮ್ಮ ಕಡೆ ಇತ್ತು. ಸಾವು ಬಂದು ಈ ಮನೆಯ ಕೂಸು ಎಲ್ಲಿ ಅಂತ ಕೇಳಿದರೆ, ನಮ್ಮದಲ್ಲ, ಎಂದೋ ಮಾರಿದ್ದೇವೆ ಅಂತ ಹೇಳಬೇಕು. ಅದೂ ಬೆಲೆ ಇಲ್ಲದ ವಸ್ತುವಿಗೆ ಮಾರಬೇಕು. ಬೆಲೆ ಇಲ್ಲದ್ದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ನನ್ನನ್ನು ಕೊಂಡವಳು ಹುಲಿಗೆವ್ವ, ಅವ್ವನ ಹೆರಿಗೆ ಮಾಡಿಸಿದ ಸೂಲಗಿತ್ತಿ. ಊರ ಹೊರಗಿನ ಕೇರಿಯವಳು. ಸಾವುಕಾರರ ಮನೆಗಳಲ್ಲಿ ಭತ್ತ ಕುಟ್ಟುತ್ತಿದ್ದಳು, ಕೂಲಿಯ ಜೊತೆಗೆ ತೌಡು ಅವಳಿಗೆ ಸೇರುತ್ತಿತ್ತು. ಅವಳು ಒಂದು ಮೊರ ತೌಡನ್ನು ನಮ್ಮ ಅಂಗಳದಲ್ಲಿ ಸುರಿದು, ಅದೇ ಮೊರದಲ್ಲಿ ನನ್ನನ್ನು ಎತ್ತಿಕೊಂಡು ಹೋಗಿ, ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ, ತೌಡಪ್ಪ ಅಂತ ಕರೆದಳು. ಆಮೇಲೆ ತಿರುಗಿ ತಂದು ಅವ್ವನ ಮುಂದಿಟ್ಟು, "ಯವ್ವಾ, ಇದು ನನ್ನ ಕೂಸು. ನನಗ ಕೂಲಿ ಬಿಟ್ಟು ಬರಾಕ ಆಗಂಗಿಲ್ಲ. ನೀ ಜ್ವಾಕಿ ಮಾಡು" ಅಂದಳು.

ಇದು ಆಟವಾಗಿರಲಿಲ್ಲ. ಪ್ರತಿ ಯುಗಾದಿಗೆ ಅವಳು ಬೊಗಸೆಯಷ್ಟು ತೌಡು ತಂದು ಅಂಗಳದ ಅಂಚಿನಲ್ಲಿ ನಿಂತು, "ಕೂಸು ಸಾಕಿದ ಕೂಲಿ ತಗೋವ್ವಾ" ಅನ್ನುತ್ತಿದ್ದಳು. ಅವ್ವ ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದಳು. ಹೆರಿಗೆಯ ದಿನ ಬಿಟ್ಟರೆ, ನನ್ನನ್ನು ಕೊಂಡವಳು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅವಳ ಕೈಯ ತೌಡು ಎಮ್ಮೆ ತಿನ್ನುತ್ತಿತ್ತು, ಅವಳು ಮಾತ್ರ ಹೊರಗೇ ನಿಲ್ಲುತ್ತಿದ್ದಳು. ಆ ಕಾಲಕ್ಕೆ ಅದು ನಮ್ಮಲ್ಲಿ ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ಅವಳಿಗೆ ಏನನಿಸಿತ್ತೋ ಯಾರೂ ಕೇಳಲಿಲ್ಲ.

ನಾನು ಹೇಳಬೇಕೆಂದಿರುವುದು ಎರಡನೇ ದೊಡ್ಡ ಲಡಾಯಿ ಮುಗಿದ ವರ್ಷದ ಮಾತು. ಬಟ್ಟೆಗೆ ಕಂಟ್ರೋಲು, ಸಕ್ಕರೆಗೆ ಕಂಟ್ರೋಲು. ನಾನು ಆಗ ಮಾನ್ವಿಯ ಶಾಲೆಗೆ ಮಾಸ್ತರನಾಗಿ ಹೋಗಿದ್ದೆ. ಹೋದದ್ದು ಜೋಳ ಎದೆಯುದ್ದ ನಿಂತಿದ್ದ ಹೊತ್ತಿಗೆ. ರಾಯಚೂರಿನ ಗಿರಣಿಗಳಿಗೆ ಹತ್ತಿ ಗಾಡಿಗಳು ಹೋಗಲು ಸುರುವಾಗಿದ್ದವು. ರಸ್ತೆಯ ಜಾಲಿ ಗಿಡಗಳಿಗೆಲ್ಲ ಅರಳೆ ಸಿಕ್ಕಿಕೊಂಡಿರುತ್ತಿತ್ತು.

ಹೊಸ ಊರಿನಲ್ಲಿ ಮೊದಲು ಹೇಳಬೇಕಾದದ್ದು ಹೆಸರು. ದೇವದುರ್ಗದಲ್ಲಿ ನಾನು ಎಲ್ಲರಿಗೂ ತೌಡಪ್ಪನೇ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಾನ್ವಿಯಲ್ಲಿ ಮೊದಲ ದಿನವೇ ಹುಡುಗರು ನಗುವುದಕ್ಕೆ ಪಾಟಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ದಿನಾ ಕಾಯ್ದು ಕೇಳುತ್ತಿದ್ದರು: "ಮಾಸ್ತರ್ರ, ನಮ್ಮ ಎಮ್ಮಿ ನಿಮ್ಮ ಹೆಸರು ಕೇಳಿದ್ರ ಕಿವಿ ನಿಗರಿಸ್ತದ್ರೀ. ಏನರ ಸಂಬಂಧ ಅದ ಏನು?" ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೂ ಹೆಚ್ಚಾಗುತ್ತದೆ ಅಂತ ಗೊತ್ತಿತ್ತು. ಆದರೆ ದಿನಾ ಒಂದೇ ಮಾತಿಗೆ ನಗುವುದು ಬೇಸರದ ಕೆಲಸ. ಸಂಜೆ ಖೋಲಿಗೆ ಬಂದು ಬಾಗಿಲು ಹಾಕಿಕೊಂಡರೆ ದವಡೆ ನೋಯುತ್ತಿತ್ತು.

ಒಮ್ಮೆ ಶಾಲೆಯ ತಪಾಸಣೆಗೆ ಬಂದ ಸಾಹೇಬರು ಉರ್ದುವಿನಲ್ಲಿ ಕೇಳಿದರು: "ತೌಡಪ್ಪ? ಇಸ್ಕಾ ಮತಲಬ್ ಕ್ಯಾ?"

"ಭೂಸಿ, ಹುಜೂರ್" ಅಂದೆ.

ಅವರು ನಗಲಿಲ್ಲ. "ಕಿತ್ತೇ ಬಚ್ಚೇ ಗುಜರ್ ಗಯೇ ಥೇ?" ಅಂತ ಮೆಲ್ಲಗೆ ಕೇಳಿದರು. ಎಷ್ಟು ಕೂಸು ಹೋಗಿದ್ದವು ಅಂತ. ಮೂರು ಅಂದೆ. ತಮ್ಮ ಅಣ್ಣನಿಗೂ ತಾಯಿ ಹಾಗೇ ಒಂದು ಕೆಟ್ಟ ಹೆಸರಿಟ್ಟಿದ್ದಳೆಂದು ಹೇಳಿ, ಮುಂದಿನ ತರಗತಿಗೆ ಹೋದರು. ಆ ವರ್ಷ ಮಾನ್ವಿಯಲ್ಲಿ ನನ್ನ ಹೆಸರಿಗೆ ನಗದೇ ಇದ್ದವರು ಅವರೊಬ್ಬರೇ.

ಹಿಂಗಾರಿ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ನನಗೆ ನೀಲವ್ವನ ಸಂಬಂಧ ಬಂತು. ಮಾನ್ವಿಯ ಹುಡುಗಿ. ತಂದೆ ಇರಲಿಲ್ಲ. ಅಣ್ಣ ಬಸಲಿಂಗಪ್ಪ ರಾಯಚೂರಿನ ಹತ್ತಿ ಗಿರಣಿಯಲ್ಲಿ ಮುನಶಿ, ಅವನೇ ತಂಗಿಯನ್ನು ಬೆಳೆಸಿದವನು. ಒಳ್ಳೆಯ ಮನುಷ್ಯ, ಇಸ್ತ್ರಿ ಮಾಡಿದ ಕೋಟು, ಮಾತೂ ಹಾಗೇ. ದೇವದುರ್ಗದ ನಮ್ಮ ಮನೆಗೆ ಬಂದು ನನ್ನನ್ನು ನೋಡಿದ, ನೌಕರಿ ಕೇಳಿದ, ಎಲ್ಲ ಒಪ್ಪಿದ. ಎದ್ದು ಹೋಗುವಾಗ ನಮ್ಮಪ್ಪನಿಗೆ ಅಂದ:

"ಎಲ್ಲಾ ಚಲೋ ಅದ್ರೀ ಮಾವಾ. ಹೆಸರೊಂದು ಬದಲು ಮಾಡ್ರಿ. ನನ್ನ ತಂಗಿ ಸಾಯೋತನ ತೌಡಪ್ಪನ ಹೇಣ್ತಿ ಅನಿಸ್ಕೊಂಡು ಬಾವಿಗೆ ನೀರಿಗೆ ಹೋಗಬೇಕೇನು? ಅದೂ ಕೇರ್‍ಯಾಗಿನ ಮುದುಕಿ ಇಟ್ಟ ಹೆಸರು."

ಚಂದ್ರಶೇಖರ ಅನ್ನುವ ಹೆಸರನ್ನು ಅವನೇ ಆರಿಸಿಕೊಂಡು ಬಂದಿದ್ದ. ಅಪ್ಪ ಹೂಂ ಅಂದ. ನಾನೂ ಹೂಂ ಅಂದೆ. ನನಗೆ ನಿಜಕ್ಕೂ ಸಾಕಾಗಿತ್ತು. ಅವ್ವ ಮಾತ್ರ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ರೊಟ್ಟಿ ಹೊತ್ತಿ ಹೊಗೆ ಬಂದರೂ ತಿರುವಲಿಲ್ಲ.

"ಹೆಸರು ತೆಗದ್ರ ಹುಡುಕ್ಕೊಂಡು ಬರ್ತದೋ" ಅಂದಳು ನನಗೆ. ಏನು ಬರುತ್ತದೆ ಅಂತ ಅವಳು ಹೇಳಲಿಲ್ಲ. ನಾನು ದೊಡ್ಡವನಾಗಿ, ಸಂಬಳ ತರುವವನಾಗಿದ್ದರೂ ಅವಳ ಲೆಕ್ಕದಲ್ಲಿ ನಾನು ಇನ್ನೂ ಬಚ್ಚಿಟ್ಟುಕೊಂಡಿರುವ ಕೂಸು.

ಮಾರಿದ ಕೂಸಿಗೆ ಮದುವೆ ಮಾಡಬೇಕಾದರೆ ಕೊಂಡವರಿಂದ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅರಿಷಿಣ ಹಚ್ಚುವಂತಿಲ್ಲ. ಅದಕ್ಕೆ ಅಪ್ಪ, ಅವ್ವ, ನಾನು ಮೂವರೂ ಒಂದು ಮೊರ ತೌಡು ಹಿಡಿದುಕೊಂಡು ಕೇರಿಗೆ ಹೋದೆವು. ಬಿಸಿಲು ಏರುವ ಮೊದಲೇ ನೆಲ ಕಾಯ್ದಿತ್ತು. ಹುಲಿಗೆವ್ವ ಗುಡಿಸಲ ಮುಂದೆ ಬೇವಿನ ನೆರಳಲ್ಲಿ ಕುಳಿತಿದ್ದಳು. ಕುಟ್ಟಿ ಕುಟ್ಟಿ ಅವಳ ಅಂಗೈಗಳು ಒನಕೆಯ ಹಾಗೇ ಗಟ್ಟಿಯಾಗಿದ್ದವು. ಕಿವಿಯೂ ಮಂದವಾಗಿತ್ತು.

ಅಪ್ಪ ತೌಡು ಇಟ್ಟು ಅಂದ: "ಹುಲಿಗೆವ್ವ, ಕೂಸು ಬಿಟ್ಟುಕೊಡು."

"ತಗೊಂಡು ಹೋಗ್ರಿ ಯಪ್ಪಾ. ಮುಂದ ಬೆಳೀಲಿ, ಮನಿ ತುಂಬ್ಲಿ." ಅವಳು ಮೊರವನ್ನು ಎರಡೂ ಕೈಯಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡಳು.

"ಹಂಗೇ ಹೆಸರೂ ಇಳಿಸಿಬಿಡು. ಬೀಗರು ಒಪ್ಪವಲ್ರು."

"ಹೆಸರು ಹೆಂಗ ಇಳಿಸ್ಲ್ಯೋ ಯಪ್ಪಾ? ಅದೇನು ರುಮಾಲೇನು?" ಅಂದಳು. ಅಪ್ಪ ನಕ್ಕ. ಅವಳು ನಗಲಿಲ್ಲ. ಅವ್ವನ ಕಡೆ ತಿರುಗಿದಳು. "ಮೂರು ಕೂಸು ಇದೇ ಕೈಲೆ ಮಣ್ಣಿಗಿಟ್ಟು ಬಂದೀನಿ. ನಿನಗ ಗೊತ್ತದಲ್ಲಬೇ? ಇವನಿಗೆ ತೌಡಪ್ಪಾ ಅಂದೆ, ಉಳದ. ಈಗ ಬ್ಯಾರೆ ಹೆಸರು ಕರದು, ಬ್ಯಾರೆ ಯಾರರ ಓ ಅಂದ್ರ?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಡೆಗೆ ಹುಲಿಗೆವ್ವನೇ ಅಂದಳು: "ಆತು. ಬಂದ ಸಂಬಂಧ ಬಿಡಬ್ಯಾಡ್ರಿ. ನೀವು ಏನರ ಕರೀರಿ, ನಾ ಇರೋತನ ತೌಡಪ್ಪ ಅಂತೀನಿ. ಒಬ್ಬರರ ಕರದ್ರ ಸಾಕು."

ಮನೆ ಹತ್ತಿರ ಬಂದಾಗ ಅವ್ವ, "ಆಕಿಗೆ ವಯಸ್ಸೆಷ್ಟಾತು?" ಅಂತ ಕೇಳಿದಳು.

ಮದುವೆ ಬೇಸಿಗೆಯಲ್ಲಿ ಮಾನ್ವಿಯಲ್ಲಿ ಆಯಿತು. ಕಂಟ್ರೋಲಿನ ಕಾಲ, ನನ್ನ ಧೋತರ ಗೋಣಿಯಷ್ಟು ಒರಟಾಗಿತ್ತು. ಮಂತ್ರ ಹೇಳುವ ಅಯ್ಯನವರು ಚಂದ್ರಶೇಖರ ಅಂದಾಗಲೆಲ್ಲ ನಾನು ತಡವಾಗಿ ತಲೆ ಎತ್ತುತ್ತಿದ್ದೆ. ಪಕ್ಕದಲ್ಲಿ ಕುಳಿತ ನನ್ನ ಗೆಳೆಯ, "ಲೇ, ನಿನಗೇ ಅನ್ನಾಕತ್ತಾರ, ಓ ಅನ್ನು" ಅಂತ ತಿವಿಯುತ್ತಿದ್ದ. ಊಟದ ಹೊತ್ತಿಗೆ ಹೆಂಗಸರು ನೀಲವ್ವನಿಗೆ ಗಂಡನ ಹೆಸರು ಹೇಳು ಅಂತ ಗಂಟುಬಿದ್ದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಒಡಪಿನಲ್ಲಿ ಮಾತ್ರ, ನಾಲ್ಕು ಜನರ ಮುಂದೆ, ಹಾಡಿನ ಹಾಗೆ ಕಟ್ಟಿ. ಅಣ್ಣ ಬರೆಸಿ ಕಲಿಸಿದ್ದ ಒಡಪನ್ನು ಅವಳು ತಲೆ ಬಗ್ಗಿಸಿ ಒಪ್ಪಿಸಿದಳು. ಬೆಳ್ಳಿ ಬಟ್ಟಲು, ಬೆಳದಿಂಗಳು, ಚಂದ್ರಶೇಖರ. ಎಲ್ಲರೂ ಚಲೋ ಅದ ಅಂದರು. ನನಗೆ ಅದು ಯಾರದೋ ಮದುವೆ ಅನಿಸಿತು.

ಮರುದಿನ ಗಾಡಿ ಕಟ್ಟಿ ದೇವದುರ್ಗಕ್ಕೆ ಹೊರಟೆವು. ನೀಲವ್ವನನ್ನು ಬಿಡಲು ಬಸಲಿಂಗಪ್ಪನೂ ಬಂದಿದ್ದ. ದಾರಿಯಲ್ಲಿ ಬಿತ್ತದ ಕರಿ ಹೊಲ ಬಿರುಕು ಬಿಟ್ಟುಕೊಂಡು ಬಿದ್ದಿತ್ತು. ಎತ್ತುಗಳು ನೊರೆ ಕಾರುತ್ತಿದ್ದವು. ಊರು ಸೇರುವ ಹೊತ್ತಿಗೆ ಎಲ್ಲರ ರೆಪ್ಪೆಯ ಮೇಲೂ ಧೂಳು.

ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಅಂಗಳದ ಅಂಚಿನಲ್ಲಿ ಹುಲಿಗೆವ್ವ ಕಾಯುತ್ತಿದ್ದಳು, ಒಗೆದ ಸೀರೆ ಉಟ್ಟು.

"ಯಪ್ಪಾ ತೌಡಪ್ಪಾ, ಬಂದ್ಯೇನೋ?"

ಬಸಲಿಂಗಪ್ಪ ಗಾಡಿಯಿಂದ ಇಳಿಯುತ್ತಲೇ ಅಂದ: "ಮುದುಕಿ, ಆ ಹೆಸರು ಮುಗೀತು. ಚಂದ್ರಶೇಖರ ಅನ್ನು."

ಅವಳು ಅವನ ಬಾಯನ್ನೇ ನೋಡಿದಳು. ಅವನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. ಅವಳು ತುಟಿ ಅಲ್ಲಾಡಿಸಿ ಪ್ರಯತ್ನ ಮಾಡಿದಳು. "ನನಗ ಬರಂಗಿಲ್ಲ ಯಪ್ಪಾ" ಅಂದು, ಹೋಗಿ ದನಕ್ಕೆ ಮೇವು ಹಾಕುವ ಗ್ವಾದಲಿಯ ಪಕ್ಕ ಕುಳಿತಳು. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದಳು. ಅದು ತೌಡೇ ಇರಬೇಕು. ಬಿಚ್ಚಲಿಲ್ಲ.

ನೀಲವ್ವ ಗಾಡಿಯೊಳಗಿಂದ ಇದನ್ನೆಲ್ಲ ನೋಡುತ್ತಿದ್ದಳು. ಜೊತೆಗಿದ್ದ ನನ್ನ ಚಿಕ್ಕವ್ವನನ್ನು, "ಆ ಅಮ್ಮ ಯಾರ್ರಿ?" ಅಂತ ಕೇಳಿದಳು.

"ಇವನ್ನ ಹಡದಾಕಿ ಒಳಗ ಇದಾಳ, ಕೊಂಡಾಕಿ ಹೊರಗ ಕುಂತಾಳ ನೋಡು" ಅಂದಳು ಚಿಕ್ಕವ್ವ. ಗಾಡಿಯಿಂದ ಬಾಗಿಲಿಗೆ ಹೋಗುವಷ್ಟರಲ್ಲೇ ಮೊರದ ಕಥೆಯನ್ನೂ, ಹೋದ ಕೂಸುಗಳ ಕಥೆಯನ್ನೂ ಅವಳ ಕಿವಿಯಲ್ಲಿ ಸುರಿದಳು. ಚಿಕ್ಕವ್ವನ ಬಾಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಆ ದಿನ ನಿಲ್ಲದ್ದೇ ಒಳ್ಳೆಯದಾಯಿತು.

ಬಾಗಿಲಲ್ಲಿ ಅವ್ವ ಆರತಿ ಹಿಡಿದು ನಿಂತಿದ್ದಳು. ಮುಖ ಬಿಳುಚಿತ್ತು. ಹೆಸರು ಬದಲಿಸುವ ಮಾತು ಬಂದಾಗಿನಿಂದ ಅವಳು ಊಟ ಸರಿಯಾಗಿ ಮಾಡಿಲ್ಲವೆಂದು ಆಮೇಲೆ ತಿಳಿಯಿತು. ಓಣಿಯ ಹೆಂಗಸರು ಹೊಸ್ತಿಲಿಗೆ ಅಡ್ಡ ಕೈ ಹಿಡಿದರು.

"ಹೆಸರು ಹೇಳವ್ವ ಮದುಮಗಳs, ಹೇಳದs ಒಳಗ ಬಿಡಂಗಿಲ್ಲ!"

"ಮಾನ್ವಿ ಹುಡುಗಿ ಬಾಯಾಗ ಬೆಲ್ಲ ಇಟ್ಕೊಂಡಾಳೇನು?"

"ಯಾವ ಹೆಸರು ಹೇಳ್ತಾಳ ನೋಡೂಣು. ಹಳೇದೋ, ಹೊಸಾದೋ?" ಅಂತ ಒಬ್ಬಳು ಅಂದದ್ದಕ್ಕೆ ಎಲ್ಲರೂ ಕಿಸಕ್ಕನೆ ನಕ್ಕರು. ಹಿಂದೆ ನಿಂತಿದ್ದ ಬಸಲಿಂಗಪ್ಪ ಕೆಮ್ಮಿದ. ಆ ಕೆಮ್ಮು ತಂಗಿಗೆ.

ನೀಲವ್ವ ಒಮ್ಮೆ ಅವ್ವನ ಕೈಯ ಆರತಿ ನೋಡಿದಳು, ಒಮ್ಮೆ ತಿರುಗಿ ಗ್ವಾದಲಿಯ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ. ಬೆಳ್ಳಿ ಬಟ್ಟಲು ಎಂದು ಸುರು ಮಾಡುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ತಲೆ ಎತ್ತಿ ಹೇಳಿದಳು:

"ಮೊರ ತುಂಬ ತೌಡು ಕೊಟ್ಟು ಮಗನ್ನ ಕೊಂಡಾಕಿ ಹೊರಗ ಕುಂತಾಳ,
ತೌಡಪ್ಪನ ಹೇಣ್ತಿ ಒಳಗ ಹೊಂಟಾಳ, ದಾರಿ ಬಿಡ್ರಿ ಅಂತಾಳ."

ಯಾರೂ ನಗಲಿಲ್ಲ. ಹೊಸ್ತಿಲಿಗೆ ಅಡ್ಡ ಹಿಡಿದ ಕೈಗಳು ತಾವಾಗಿಯೇ ಕೆಳಗಿಳಿದವು. ಅವ್ವ ಆರತಿಯ ತಟ್ಟೆಯನ್ನು ನೆಲದ ಮೇಲಿಟ್ಟು ಅಲ್ಲೇ ಕುಳಿತು ಅಳತೊಡಗಿದಳು. ಮದುಮಗಳ ಮುಂದೆ ಅಳಬಾರದು ಅಂತ ಯಾರೋ ಗದರಿದರು. ಅವಳು ಕೇಳಿಸಿಕೊಳ್ಳಲಿಲ್ಲ.

"ಏನಂದಳು? ಏನಂದಳು ಆ ಹುಡುಗಿ?" ಹುಲಿಗೆವ್ವ ಗ್ವಾದಲಿಯ ಕಡೆಯಿಂದ ಕೂಗಿದಳು. ಚಿಕ್ಕವ್ವ ಅಲ್ಲಿಂದಲೇ ಎರಡೂ ಸಾಲು ಗಟ್ಟಿಯಾಗಿ ಒದರಿದಳು. ಮುದುಕಿ ಎದ್ದು ನಿಂತು, ದೂರದಿಂದಲೇ ಕೈ ನೀವಾಳಿಸಿ, ಬೆರಳನ್ನು ಕಿವಿಯ ಮೇಲೆ ಒತ್ತಿ ಲಟಿಕೆ ಮುರಿದಳು. ಸೆರಗಿನ ಗಂಟು ಬಿಚ್ಚಿ ತೌಡನ್ನು ಗ್ವಾದಲಿಗೆ ಹಾಕಿದಳು.

ಬಸಲಿಂಗಪ್ಪ, "ನಾ ಇದೆಲ್ಲಾ ಯಾರ ಸಲುವಾಗಿ ಮಾಡ್ದೆ?" ಅಂತ ಹೋಗಿ ಗಾಡಿಯಲ್ಲಿ ಕುಳಿತುಬಿಟ್ಟ. ಅಪ್ಪ ಕರೆದ, ಬರಲಿಲ್ಲ. ಕಡೆಗೆ ನೀಲವ್ವನೇ ಹೋಳಿಗೆಯ ತಟ್ಟೆ ಹಿಡಿದು ಹೋದಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

"ಅಣ್ಣಾ, ನಾಳಿ ಎಲ್ಲಾರೂ ಆ ಹೆಸರಿಲೇ ಕರಿಯೋರು. ನಗೋರು ಇವತ್ತs ನಕ್ಕು ಮುಗಿಸ್ಲಿ ಅಂದೆ. ನಗಲೇ ಇಲ್ಲ, ನೋಡಿದ್ಯೇನು?"

"ನಿನಗ ನಾಚಿಕಿ ಬರಲಿಲ್ಲೇನು?"

"ಬಂತು. ಆದ್ರ ಅತ್ತಿ ಕೈಯಾಗಿನ ಆರತಿ ಬೀಳ್ತದ ಅನಿಸ್ತು. ಉಣ್ಣು ನೀ ಮೊದಲು."

ಅವನು ಉಂಡ. ಗಾಡಿಯಲ್ಲೇ ಕುಳಿತು, ಕೋಟಿನ ಮೇಲೆ ತುಪ್ಪ ಸುರಿಸಿಕೊಂಡು ಉಂಡ. ಆಮೇಲಿನ ವರ್ಷಗಳಲ್ಲಿ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಮಾಸ್ತರ್ರ" ಅನ್ನುತ್ತಿದ್ದ. ಚಂದ್ರಶೇಖರ ಎಂಬವನು ಮಾನ್ವಿಯ ಚಪ್ಪರದಲ್ಲೇ ಉಳಿದುಹೋದ.

ಆ ಮಳೆಗಾಲ ತಡವಾಗಿ ಬಂತು. ಬಂದ ಮೊದಲ ಮಳೆಯ ಹಿಂದೆಯೇ ಕೇರಿಯಲ್ಲಿ ಜ್ವರ ಎದ್ದಿತು, ಹುಲಿಗೆವ್ವ ಹೋದಳು. ನಾನು ರಜೆ ಪಡೆದು ಬರುವಷ್ಟರಲ್ಲಿ ಕುಣಿ ತೋಡಿದ್ದರು. ಅವಳಿಗೆ ಬೇರೆ ಮಕ್ಕಳಿರಲಿಲ್ಲ. ಕೇರಿಯ ಹಿರಿಯನೊಬ್ಬ ನನ್ನನ್ನು ನೋಡಿ, ದಾರಿ ಬಿಟ್ಟು, "ಮಗ ಬಂದಾನ, ಮಣ್ಣು ಕೊಡ್ಲಿ" ಅಂದ. ಕೊಟ್ಟೆ. ಹಸಿ ಕರಿ ಮಣ್ಣು ಅಂಗೈಗೆ ಅಂಟಿಕೊಂಡು ಬಿಡಲಿಲ್ಲ. ನಮ್ಮ ಓಣಿಯಲ್ಲಿ ಅದಕ್ಕೆ ಮಾತು ಆಯಿತು. ಮನೆಗೆ ಬಂದಾಗ ನೀಲವ್ವ ನೀರು ಕಾಯಿಸಿಟ್ಟಿದ್ದಳು. ಅವ್ವ ಮೂಲೆಯಲ್ಲಿ ಕುಳಿತು, "ಇನ್ನ ಯಾರು ಕರೀತಾರ?" ಅಂದಳು.

"ಊರಿಗೆ ಊರೇ ಕರೀತದ್ರೀ ಅತ್ತಿ" ಅಂದಳು ನೀಲವ್ವ. "ನಾ ಹೇಳಿ ಕೊಟ್ಟೀನಲ್ಲ."

ಅದು ನಿಜವಾಯಿತು. ಶಾಲೆಯ ಹುಡುಗರು ಕರೆದರು, ಅವರ ಮಕ್ಕಳು ಕರೆದರು. ನಾನು ಓ ಅನ್ನುತ್ತಲೇ ಮುದುಕನಾದೆ. ನೀಲವ್ವ ಮಾತ್ರ ಕರೆಯಲಿಲ್ಲ. "ಏನ್ರೀ", "ಕೇಳಿಸ್ತೇನು", "ನಿಮಗೇ ಅನ್ನಾಕತ್ತೀನಿ", ಇಷ್ಟರಲ್ಲೇ ಸಂಸಾರ ನಡೆಸಿದಳು. ಮದುವೆ, ಸೀಮಂತ, ತೊಟ್ಟಿಲುಗಳಲ್ಲಿ ಹೆಂಗಸರು ಗಂಟುಬಿದ್ದಾಗ ಮಾತ್ರ ಅದೇ ಒಡಪು ಹೇಳುತ್ತಿದ್ದಳು. ಹುಲಿಗೆವ್ವ ಹೋದಮೇಲೆ ಒಂದು ಮಾತು ಬದಲಿಸಿದ್ದಳು. ಕೊಂಡಾಕಿ ಹೊರಗ ಕುಂತಾಳ ಅನ್ನುವಲ್ಲಿ, ಕೊಂಡಾಕಿ ಮನದಾಗ ಕುಂತಾಳ. ಕಡೆಯ ಸಲ ಹೇಳಿದ್ದು ಮೊಮ್ಮಗಳ ಮದುವೆಯಲ್ಲಿ, ಹಲ್ಲಿಲ್ಲದ ಬಾಯಲ್ಲಿ. ಹುಡುಗಿಯರು ಇನ್ನೊಮ್ಮೆ ಅಜ್ಜಿ, ಇನ್ನೊಮ್ಮೆ ಅಂದರು. ಒಂದು ಮದುವಿಗೆ ಒಮ್ಮೆ ಅಂತ ಅವಳು ಒಪ್ಪಲಿಲ್ಲ. ನಾನು ದೂರದ ಪಂಕ್ತಿಯಲ್ಲಿ ಕುಳಿತಿದ್ದೆ. ನನಗೂ ಇನ್ನೊಮ್ಮೆ ಬೇಕಿತ್ತು.

ಈಗ ಮನೆಯಲ್ಲಿ, ಓಣಿಯಲ್ಲಿ, ಎಲ್ಲರೂ ನನ್ನ ಹೆಸರು ಹಿಡಿದೇ ಮಾತಾಡುತ್ತಾರೆ. ಹೆಸರು ಹಿಡಿಯದೆ ಕರೆಯುವವಳು ಒಬ್ಬಳಿದ್ದಳು. ಸಂಜೆ ಯಾರಾದರೂ ಏನ್ರೀ ಅಂದರೆ ಈಗಲೂ ಏಳುತ್ತೇನೆ. ಎದ್ದಮೇಲೆ ಕೂರುವುದು ಕಷ್ಟ.

"ಯಜಮಾನ್ರ, ಬಣ್ಣ ಆರಾಕತ್ತದ್ರೀ" ಅಂದ ಕಟ್ಟಿನ ಅಂಗಡಿಯವನು.

ಎದ್ದು ಅವನ ಹತ್ತಿರ ಹೋದೆ. "ನೀಲಮ್ಮ ಗಂಡ ತೌಡಪ್ಪ ಅಂತ ಬರೀರಿ."

ಅವನ ಕುಂಚ ನಿಂತಿತು. ಚಿಕ್ಕ ವಯಸ್ಸಿನವನು. "ಪೂರಾ ಬರೀಲೇನ್ರಿ, ಟಿ ಅಂತ ಸಣ್ಣದು ಮಾಡ್ಲೇನ್ರಿ? ಈಗ ಎಲ್ಲಾರೂ ಹಂಗs ಬರಸ್ತಾರ."

"ಪೂರಾ ಬರೀರಿ. ಆಕಿ ನಾಲ್ಕು ಮಂದಿ ಮುಂದ ಪೂರಾ ಹೇಳಿದ್ದಳು."

ಅವನಿಗೆ ಏನೂ ತಿಳಿಯಲಿಲ್ಲ, ಆದರೂ ಚಂದಾಗಿ ಬರೆದ. ಅಕ್ಷರ ಹಸಿ ಅದ, ಬಟ್ಟೆ ಮುಚ್ಚಬೇಡಿ, ಯಾವುದಕ್ಕೂ ತಾಗಿಸಬೇಡಿ ಅಂತ ಹೇಳಿ ಕೈಗೆ ಕೊಟ್ಟ. ಬಸ್ಸಿನಲ್ಲಿ ಅವಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಗಾಜಿನ ಎರಡೂ ಅಂಚು ಹಿಡಿದುಕೊಂಡು ಕುಳಿತೆ. ಪಕ್ಕದಲ್ಲಿ ಕುಳಿತ ಹೆಂಗಸು ಓದಿಕೊಂಡಳು, ಸ್ವಲ್ಪ ಸರಿದು ಜಾಗ ಕೊಟ್ಟಳು. ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ದೇವದುರ್ಗ ಬರುವ ಹೊತ್ತಿಗೆ ಅಕ್ಷರ ಒಣಗಿತ್ತು.